ರಜೆಯಲ್ಲಿ ದುಡಿಮೆ, ದುಡಿಮೆಯಲ್ಲಿ ದೇಶಾಟನೆ

“ದೇಶ ಸುತ್ತಬೇಕು, ಕೋಶ ಓದಬೇಕು” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕೋಶ ಓದುವುದಕ್ಕೆ ಕಾಲೇಜಿನ ಗ್ರಂಥಾಲಯವಿದೆ. ದೇಶ ಸುತ್ತುವುದಕ್ಕೆ ಮಾತ್ರ ಕೈಯಲ್ಲಿ ಗಂಟು ಬೇಕು. ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆತನದಲ್ಲಿ ಮೊಟ್ಟಮೊದಲು ಪದವಿ ತರಗತಿಯ ಮೆಟ್ಟಿಲು ಹತ್ತಿದವರು ಅನೇಕರಿದ್ದಾರೆ. ಅಂಥವರಿಗೆ ಬೇಸಿಗೆಯ ರಜೆಯೆಂದರೆ ಬರುವ ವರ್ಷದ ಫೀ, ಪುಸ್ತಕ, ಬಸ್ ಪಾಸುಗಳಿಗಾಗಿ ನಾಲ್ಕು ಕಾಸು ಕೂಡಿಸುವ ಕಾಲ. ಗೆಳೆಯರು ಪ್ರವಾಸದ ಮಾತೆತ್ತಿದಾಗ ನಾವು ಸುಮ್ಮನಾಗುತ್ತೇವೆ. ದುಡಿಮೆಯೇ ಬೇರೆ, ದೇಶಾಟನೆಯೇ ಬೇರೆ ಎಂಬ ಎಣಿಕೆ ಇದಕ್ಕೆ ಕಾರಣ. ಇವೆರಡನ್ನೂ ಕೂಡಿಸಬಹುದು, ಕೂಡಿಸಿದಾಗ ಒಂದು ಸೀಮೆಯು ಬರಿಯ ಪ್ರವಾಸಿಗೆ ಕಾಣುವುದಕ್ಕಿಂತ ಚೆನ್ನಾಗಿ ಕಾಣುತ್ತದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಈ ವಿಚಾರ ಹೊಸದೇನಲ್ಲ. ಆಸ್ಟ್ರೇಲಿಯಾ ದೇಶವು 1975ರಿಂದ ಹೊರದೇಶಗಳ ತರುಣರಿಗೆ ಇದಕ್ಕೆಂದೇ ಪರವಾನಗಿ ಕೊಡುತ್ತ ಬಂದಿದೆ. ಅವರು ತೋಟಗಳಲ್ಲಿ ಹಣ್ಣು ಕೊಯ್ದು, ಹೋಟೆಲುಗಳಲ್ಲಿ ದುಡಿದು, ಆ ಗಳಿಕೆಯಿಂದಲೇ ನಾಡನ್ನು ನೋಡುತ್ತಾರೆ. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನಾವು ಘಟ್ಟದ ಅಂಚಿನಲ್ಲಿಯೇ ವಾಸಿಸುವವರು. ಶಿರಸಿಯಿಂದ ದೇವಿಮನೆ ಘಟ್ಟವಿಳಿದರೆ ಸುಮಾರು 60 ಕಿಲೋಮೀಟರಿನಲ್ಲಿ ಕುಮಟಾ. ಯಲ್ಲಾಪುರದಿಂದ ಅರಬೈಲು ಘಟ್ಟವಿಳಿದರೆ ಅಂಕೋಲಾ. ಹೀಗಿದ್ದೂ ನಮ್ಮಲ್ಲಿ ಎಷ್ಟೋ ಮಂದಿ ಗೋಕರ್ಣದ ಜಾತ್ರೆಗೋ ಮದುವೆಯ ದಿಬ್ಬಣಕ್ಕೋ ಒಮ್ಮೆ ಹೋಗಿ ಬಂದುದನ್ನು ಬಿಟ್ಟರೆ ಕರಾವಳಿಯನ್ನು ಅರಿಯರು.

ಘಟ್ಟದ ಮೇಲಿಗೂ ಕೆಳಗಿಗೂ ಇರುವ ನಂಟು ಬಹಳ ಹಳೆಯದು. ಮೊದಲನೆಯದು ನೀರಿನ ನಂಟು. ಶಿರಸಿಯ ಶಂಕರ ಹೊಂಡ ಮತ್ತು ಮಂಜುಗುಣಿಯ ಕಡೆಯಿಂದ ಹುಟ್ಟಿ ಬರುವ ಅಘನಾಶಿನಿಯು ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಸಿಲುಕದೆ ಕುಮಟಾ ತಾಲ್ಲೂಕಿನಲ್ಲಿ ಕಡಲನ್ನು ಸೇರುತ್ತದೆ. ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಧುಮುಕುವ ಬೇಡ್ತಿಯೇ ಕೆಳಗೆ ಗಂಗಾವಳಿಯಾಗುತ್ತದೆ. ಎರಡನೆಯದು ವ್ಯಾಪಾರದ ನಂಟು. ಘಟ್ಟದ ತೋಟಗಳ ಕಾಳುಮೆಣಸು ಈ ಹೊಳೆಗಳ ಬಂದರುಗಳಿಂದ ಹಡಗು ಹತ್ತುತ್ತಿತ್ತು. 16ನೆಯ ಶತಮಾನದಲ್ಲಿ ಆಳಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಜರು ‘ಮೆಣಸಿನ ರಾಣಿ’ ಎಂದೇ ಕರೆದರು. ಮುಂದೆ 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ, ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಹೊರಟಿತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತು. ಕೆಳಗಿನಿಂದ ಮೇಲಕ್ಕೆ ಬಂದದ್ದು ಮೀನು ಮತ್ತು ಉಪ್ಪು.

ಆ ಉಪ್ಪಿನ ಜಾಡನ್ನು ಹಿಡಿದೇ ನಾನು ಕಳೆದ ಬೇಸಿಗೆಯಲ್ಲಿ ಘಟ್ಟವಿಳಿದೆ. ಗೋಕರ್ಣಕ್ಕೆ ಕೆಲವೇ ಕಿಲೋಮೀಟರ್ ಈಚೆಗೆ ಸಾಣಿಕಟ್ಟಾ ಎಂಬ ಊರಿದೆ. ಅಲ್ಲಿ ಅಘನಾಶಿನಿಯ ಅಳಿವೆಯ ಪಕ್ಕದಲ್ಲಿ ಉಪ್ಪಿನ ಆಗರಗಳು ಕನ್ನಡಿಗಳನ್ನು ಜೋಡಿಸಿಟ್ಟಂತೆ ಹರಡಿಕೊಂಡಿವೆ. ಪರಿಚಯದವರೊಬ್ಬರ ಮೂಲಕ ಈ ಭಾಗದಲ್ಲಿ ನಾಲ್ಕು ವಾರಗಳ ಕೆಲಸ ದೊರೆಯಿತು. ಅರ್ಧ ದಿನ ಉಪ್ಪು ಹೊರುವುದು, ಉಳಿದ ಹೊತ್ತು ಚೀಲಗಳ ಲೆಕ್ಕ ಬರೆಯುವುದು. ಭಾನುವಾರ ಬಿಡುವು.

ಉಪ್ಪು ಹೇಗಾಗುತ್ತದೆ ಎಂಬುದನ್ನು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಓದಿದ್ದೇವೆ: ಸಮುದ್ರದ ನೀರು ಬಿಸಿಲಿಗೆ ಆವಿಯಾಗಿ ಉಪ್ಪು ಉಳಿಯುತ್ತದೆ. ಇಷ್ಟೇ ಆಗಿದ್ದರೆ ಪ್ರತಿಯೊಂದು ದಂಡೆಯ ಮೇಲೂ ಉಪ್ಪಿನ ರಾಶಿ ಇರಬೇಕಾಗಿತ್ತು! ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅದರಲ್ಲಿ ನಾವು ಉಣ್ಣುವ ಉಪ್ಪು ದೊಡ್ಡ ಪಾಲಾದರೂ ಜೊತೆಗೆ ಬೇರೆ ಲವಣಗಳೂ ಇವೆ. ಇವನ್ನು ಬೇರ್ಪಡಿಸುವುದೇ ಆಗರದ ಜಾಣತನ. ಭರತದ ನೀರನ್ನು ತೂಬಿನ ಮೂಲಕ ಮೊದಲು ದೊಡ್ಡ ಕಟ್ಟೆಗೆ ಬಿಡುತ್ತಾರೆ. ಅಲ್ಲಿಂದ ಒಂದರ ನಂತರ ಒಂದು ಪಾತಿಗೆ ಹರಿಸುತ್ತ, ಬಿಸಿಲು ಗಾಳಿಗಳಿಗೆ ಇಂಗಿಸುತ್ತ ಹೋಗುತ್ತಾರೆ. ಮೊದಲು ಸುಣ್ಣದ ಅಂಶ ತಳಕ್ಕಿಳಿಯುತ್ತದೆ. ಹತ್ತು ಕೊಡ ನೀರು ಇಂಗಿ ಸುಮಾರು ಒಂದು ಕೊಡವಾದಾಗ ಮಾತ್ರ ಉಪ್ಪು ಹರಳುಗಟ್ಟತೊಡಗುತ್ತದೆ. ಆಗ ಅದನ್ನು ಉದ್ದ ಹಿಡಿಕೆಯ ಮರದ ಹಲಗೆಯಿಂದ ಮೆಲ್ಲಗೆ ಬಳಿದು ಬದುವಿಗೆ ತರುತ್ತಾರೆ. ಕೊನೆಗೆ ಉಳಿಯುವ ನೀರು ಕಹಿ. ಅದು ಬಸಿದು ಹೋಗದಿದ್ದರೆ ಉಪ್ಪೂ ಕಹಿಯಾಗಿ ಬೇಗ ನೀರೊಡೆಯುತ್ತದೆ. ಪಾತಿಯ ನೆಲವನ್ನು ಮೊದಲೇ ತುಳಿದು ಬಡಿದು ಗಟ್ಟಿ ಮಾಡಿರಬೇಕು. ಇಲ್ಲವಾದರೆ ಬಳಿಯುವಾಗ ಉಪ್ಪಿನೊಡನೆ ಕೆಸರೂ ಬರುತ್ತದೆ. ನೀರು ಯಾವ ಹದಕ್ಕೆ ಬಂದಿದೆ ಎಂಬುದನ್ನು ಅನುಭವಿಗಳು ಅದರ ಬಣ್ಣ ನೋಡಿಯೇ ಹೇಳುತ್ತಾರೆ. ಈ ವಿದ್ಯೆ ಅವರಿಗೆ ಬಂದದ್ದು ಪುಸ್ತಕದಿಂದಲ್ಲ. ಆಗರದ ಕೆಲಸವನ್ನು ತಲೆಮಾರುಗಳಿಂದ ಮಾಡುತ್ತ ಬಂದ ಆಗೇರ ಜನರ ಹೆಸರೂ ಆಗರವನ್ನೇ ನೆನಪಿಸುತ್ತದೆ.

ಈ ಕೆಲಸ ಕಲಿಸುವ ಇನ್ನೊಂದು ಪಾಠ ಕಡಲಿನ ಪಂಚಾಂಗ. ಇಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಇಂದಿಗಿಂತ ನಾಳೆಯ ಭರತ ಸುಮಾರು 50 ನಿಮಿಷ ತಡ. ಹುಣ್ಣಿಮೆ ಅಮಾವಾಸ್ಯೆಗಳ ಹೊತ್ತಿಗೆ ಭರತವು ಹೆಚ್ಚು. ಕಟ್ಟೆಗೆ ನೀರು ತುಂಬಲು ಆಗಲೇ ಸುಸಮಯ. ಇಳಿತದ ವೇಳೆಯಲ್ಲಿ ಅಳಿವೆಯ ಕೆಸರು ನೆಲ ತೆರೆದುಕೊಳ್ಳುತ್ತದೆ; ಹೆಂಗಸರು ಬುಟ್ಟಿ ಹಿಡಿದು ಚಿಪ್ಪಿ ಆರಿಸಲು ಇಳಿಯುತ್ತಾರೆ. ಅಡುಗೆ, ನಿದ್ದೆ, ಪೇಟೆಯ ಕೆಲಸ ಎಲ್ಲವೂ ಈ ಗಡಿಯಾರಕ್ಕೆ ಹೊಂದಿಕೊಂಡಿವೆ. ಸೂರ್ಯಾಸ್ತ ನೋಡಲು ಒಂದು ಸಂಜೆ ಬಂದು ಹೋಗುವವರಿಗೆ ಇದು ಗೊತ್ತಾಗುವಂತಿಲ್ಲ.

ಬಿಡುವಿನ ದಿನಗಳಲ್ಲಿ ನೋಡುವುದಕ್ಕೂ ಕೊರತೆಯಿಲ್ಲ. ಭರತದ ಉಪ್ಪುನೀರು ಬರುವ ಗಜನಿ ಭೂಮಿಯಲ್ಲಿ ಮಳೆಗಾಲದಲ್ಲಿ ಬೆಳೆಯುವ ಕಗ್ಗ ಎಂಬ ಭತ್ತವಿದೆ. ನೆರೆಯನ್ನೂ ಉಪ್ಪನ್ನೂ ತಾಳಿಕೊಳ್ಳುವುದು ಅದರ ಗುಣ. ಭತ್ತ ಕೊಯ್ದ ನಂತರ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ತದಡಿಯ ಮೀನುಗಾರಿಕೆ ಬಂದರು, ದೋಣಿಯಲ್ಲಿ ದಾಟಿದರೆ ಅಘನಾಶಿನಿ ಗ್ರಾಮ, ಹೆದ್ದಾರಿಯ ಪಕ್ಕದಲ್ಲಿ ಮಿರ್ಜಾನ ಕೋಟೆ, ಗೋಕರ್ಣದ ಮಹಾಬಲೇಶ್ವರ ಮತ್ತು ಓಂ ಕಡಲತೀರ ಎಲ್ಲವೂ ಹತ್ತಿರದಲ್ಲಿಯೇ ಇವೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಅಂಕೋಲೆಗೆ ಹೋದಾಗ ಇತಿಹಾಸದ ಪಾಠವೂ ನೆನಪಾಗದೆ ಇರದು. 1930ರ ಏಪ್ರಿಲ್ 13ರಂದು ಅಲ್ಲಿ ಜನರು ಉಪ್ಪಿನ ಕಾನೂನನ್ನು ಮುರಿದರು. ಅದರ ಬೆನ್ನಿಗೇ ಅಂಕೋಲಾ, ಶಿರಸಿ, ಸಿದ್ದಾಪುರ ತಾಲ್ಲೂಕುಗಳ ರೈತರು ಕರ ಕೊಡದೆ ನಿಂತು ಹೊಲಮನೆ ಕಳೆದುಕೊಂಡರು. ಪರೀಕ್ಷೆಗಾಗಿ ಈ ಇಸವಿಗಳನ್ನು ನಾನೂ ಬಾಯಿಪಾಠ ಮಾಡಿದ್ದೆ. ಉಪ್ಪಿನ ಬುಟ್ಟಿ ತಲೆಯ ಮೇಲೆ ಕೂತ ಮೇಲೆ, ಒಂದು ಹಿಡಿ ಉಪ್ಪಿಗೆ ತೆರಿಗೆ ಎಂದರೆ ಯಾರ ಬೆವರಿಗೆ ತೆರಿಗೆ ಎಂಬುದು ತಿಳಿಯಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದಿದ್ದರೆ ಈ ಬರೆಹ ಪ್ರಾಮಾಣಿಕವಾಗದು. ನಮಗೆ ರಜೆಯ ದುಡಿಮೆಯಾದದ್ದು ಅಲ್ಲಿಯವರಿಗೆ ರಜೆಯಿಲ್ಲದ ದುಡಿಮೆ. ಉಪ್ಪುನೀರಿಗೆ ಕಾಲಿನ ಬಿರುಕುಗಳು ಉರಿಯುತ್ತವೆ. ಬಿಳಿಯ ಪಾತಿಯ ಮೇಲಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಮೇ ತಿಂಗಳಲ್ಲಿ ಅಕಾಲದ ಒಂದು ಮಳೆ ಬಿದ್ದರೆ ಪಾತಿಯಲ್ಲಿರುವ ಉಪ್ಪು ಕರಗಿ ಹೋಗುತ್ತದೆ, ಅದರೊಡನೆ ದಿನಗಳ ಶ್ರಮವೂ. ನನ್ನ ಜೊತೆಯಲ್ಲಿ ಹೊರೆ ಹೊರುತ್ತಿದ್ದ ಹಿರಿಯ ಹೆಂಗಸೊಬ್ಬರು ಒಂದು ದಿನ ಅಂದರು: “ಮಳೆ ಹಿಡಿದ ಕೂಡ್ಲೆ ನೀ ಕಾಲೇಜಿಗೆ ಹೋಗ್ತಿ ತಮ್ಮಾ, ನಾವು ನಟ್ಟಿಗೆ ಹೋಗ್ತೇವೆ.” ಆ ಮಾತಿನಲ್ಲಿ ದೂರಾಗಲಿ ಹೊಟ್ಟೆಕಿಚ್ಚಾಗಲಿ ಇರಲಿಲ್ಲ. ಆದರೆ ನನಗೆ ನನ್ನ ತಂದೆಯ ನೆನಪಾಯಿತು. ಅವರೂ ಸಿದ್ದಾಪುರದ ಕಡೆಯ ಅಡಿಕೆ ತೋಟಗಳಲ್ಲಿ ವರ್ಷವಿಡೀ ಕೂಲಿ ಮಾಡುವವರು. ಚೆಲುವಾದ ಸೀಮೆಯಲ್ಲಿ ಹುಟ್ಟಿದವರಿಗೆಲ್ಲ ಆ ಚೆಲುವನ್ನು ನಿಂತು ನೋಡುವ ಬಿಡುವು ಸಿಕ್ಕುವುದಿಲ್ಲ. ಪದವಿಯ ಓದು ನಮಗೆ ಆ ಬಿಡುವನ್ನು ಕೊಟ್ಟಿದೆ. ಅದನ್ನು ಕೊಟ್ಟವರ ದುಡಿಮೆಯನ್ನು ಮರೆಯದಿರಲು, ಆ ದುಡಿಮೆಯನ್ನು ಕೆಲವು ವಾರವಾದರೂ ಮೈಮೇಲೆ ಹೊರುವುದು ಒಳ್ಳೆಯ ಉಪಾಯ.

ಘಟ್ಟದ ಮೇಲೆ ಆದದ್ದು ಕೆಳಗೆ ಮುಟ್ಟದೆ ಇರದೆಂಬ ತಿಳಿವಳಿಕೆಯೂ ಇದರಿಂದ ಬರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಣ್ಣು ಗಂಗಾವಳಿಗೆ ಬಿದ್ದು, ಆಚೆಯ ದಡದ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿತು. ಗುಡ್ಡ, ಹೊಳೆ, ದಂಡೆ ಇವು ಮೂರು ಬೇರೆ ಬೇರೆ ಪಾಠಗಳಲ್ಲ.

ಹೀಗೆ ಹೋಗಬಯಸುವ ಮಿತ್ರರಿಗೆ ಒಂದೆರಡು ಸೂಚನೆಗಳು. ಉಪ್ಪಿನ ಕೆಲಸವು ಮಳೆಗಾಲಕ್ಕೆ ಮುಂಚೆ ಮುಗಿಯುವುದರಿಂದ ಮೊದಲೇ ವಿಚಾರಿಸಬೇಕು. ಕೂಲಿ, ಊಟ, ವಸತಿಗಳನ್ನು ಹೋಗುವ ಮೊದಲೇ ಸ್ಪಷ್ಟವಾಗಿ ಮಾತನಾಡಿಕೊಳ್ಳಬೇಕು. ಸಂಕೋಚದಿಂದ ಆಮೇಲೆ ತೊಂದರೆ. ಅಲ್ಲಿಯವರ ಕೂಲಿಗಿಂತ ಕಡಿಮೆಗೆ ಒಪ್ಪಿ ಅವರ ಅನ್ನಕ್ಕೆ ಅಡ್ಡ ಬರಕೂಡದು. ತಲೆಗೆ ವಸ್ತ್ರ, ಕಾಲಿಗೆ ತೆಂಗಿನೆಣ್ಣೆ, ಕುಡಿಯಲು ಸಾಕಷ್ಟು ನೀರು ಬೇಕೇ ಬೇಕು. ಗುರುತಿಲ್ಲದ ದಂಡೆಯಲ್ಲಿ ಈಜಲು ಇಳಿಯಬಾರದು. ಒಂದು ನೋಟ್‌ಬುಕ್ ಇರಲಿ. ದಿನದ ಭರತದ ವೇಳೆ, ಕೇಳಿದ ಹೊಸ ಮಾತು, ಕಂಡ ಹಕ್ಕಿ, ಖರ್ಚಾದ ಕಾಸು ಇಷ್ಟನ್ನು ಬರೆದಿಟ್ಟರೂ ತಿಂಗಳ ಕೊನೆಗೆ ಅದೊಂದು ಪುಸ್ತಕವಾಗುತ್ತದೆ.

ನಮ್ಮ ಅಧ್ಯಾಪಕರಲ್ಲಿಯೂ ಒಂದು ವಿನಂತಿ. ರಾಷ್ಟ್ರೀಯ ಸೇವಾ ಯೋಜನೆಯ 7 ದಿನಗಳ ಶಿಬಿರವನ್ನು ಒಂದು ವರ್ಷ ಘಟ್ಟದ ಕೆಳಗಿನ ಹಳ್ಳಿಯಲ್ಲಿ ನಡೆಸಿದರೆ, ಕೂಲಿ ದೊರೆಯದಿದ್ದರೂ ಈ ಕಲಿಕೆ ಇನ್ನಷ್ಟು ಮಂದಿಗೆ ದೊರೆಯುತ್ತದೆ. ದುಡಿಯುವುದಕ್ಕಾಗಿ ರಜೆಯನ್ನು ಕಳೆಯುವ ವಿದ್ಯಾರ್ಥಿಗಳು ತಾವು ದುಡಿದ ಜಾಗವನ್ನು ಕುರಿತು ಇದೇ ಸಂಚಿಕೆಯ ಪುಟಗಳಲ್ಲಿ ಬರೆಯಲಿ. ತೋಟದಲ್ಲಿ, ಅಂಗಡಿಯಲ್ಲಿ, ಹೋಟೆಲಿನಲ್ಲಿ, ಬಂದರಿನಲ್ಲಿ ದುಡಿದವರ ಬಳಿ ಹೇಳಲು ಬಹಳ ಇದೆ. ಅವರು ಇದುವರೆಗೆ ನಾಚಿಕೆಯಿಂದ ಸುಮ್ಮನಿದ್ದಾರೆ, ಅಷ್ಟೆ.