ಹೊರೆ ಹೊರುವ ಬೈಕಿಗೆ ಬೇರೆ ಗಾಡಿಯ ಶಾಕ್

ಶ್ರೀರಂಗಪಟ್ಟಣದಿಂದ ಪಾಂಡವಪುರ ದಾಟಿ ನಾಗಮಂಗಲಕ್ಕೆ ಹೋಗುವ ಹೆದ್ದಾರಿಯ ಬದಿ ಬೆಳಗಿನ ಹೊತ್ತು ನಿಂತು ನೋಡಿದರೆ, ನಮ್ಮ ಕಡೆ ಬೈಕಿನ ಮೇಲೆ ಏನೆಲ್ಲ ಹೇರುತ್ತಾರೆಂದು ತಿಳಿಯುತ್ತದೆ. ಹಾಲಿನ ಕ್ಯಾನ್, ಹಸಿ ಹುಲ್ಲಿನ ಹೊರೆ, ಎಳನೀರಿನ ಗೊನೆ, ಯೂರಿಯಾ ಮೂಟೆ, ಹಿಂದೆ ಹೆಂಡತಿ, ಟ್ಯಾಂಕಿನ ಮೇಲೆ ಮಗು. 40 ಲೀಟರಿನ ಕ್ಯಾನ್ ತುಂಬಿದರೆ ಹಾಲಿನ ತೂಕವೇ 41 ಕಿಲೋ. ಎರಡೂ ಕಡೆ ಒಂದೊಂದು ಕ್ಯಾನ್ ನೇತುಹಾಕಿದರೆ, ಕ್ಯಾನಿನ ತೂಕವೂ ಸೇರಿ ನೂರು ಕಿಲೋ ಹತ್ತಿರ ಬರುತ್ತದೆ. ಅದನ್ನು ಹೊರುವ ಬೈಕಿನದೇ ತೂಕ 110–115 ಕಿಲೋ ಇದ್ದೀತು. ಈ ಹೊರೆಯ ಬಹುಪಾಲು ಬೀಳುವುದು ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳ ಮೇಲೆ.

ರಸ್ತೆಯೂ ಕರುಣೆ ತೋರುವುದಿಲ್ಲ. ಪಾಂಡವಪುರದ ಸಕ್ಕರೆ ಕಾರ್ಖಾನೆಗೂ ಕೆ.ಆರ್. ಪೇಟೆಯ ಮಾಕವಳ್ಳಿ ಕಾರ್ಖಾನೆಗೂ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಓಡಾಡುವ ಹಂಗಾಮಿನಲ್ಲಿ ಹಳ್ಳಿ ರಸ್ತೆಗಳ ಅಂಚು ಕಿತ್ತುಹೋಗುತ್ತದೆ. ನಾಲೆ ಏರಿಯ ದಾರಿಗಳ ಪಾಡು ಹೇಳುವುದೇ ಬೇಡ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲದ್ದರಿಂದ ಶ್ರೀರಂಗಪಟ್ಟಣದವರಿಗೆ ಸರ್ವಿಸ್ ರಸ್ತೆಯೇ ಗತಿ. ಹೀಗಿರುವಾಗ ಶಾಕ್ ಬೇಗ ಸೋರುವುದು, ಸ್ಪ್ರಿಂಗ್ ಕೂತುಹೋಗುವುದು ಸಹಜ. ಗ್ಯಾರೇಜಿಗೆ ಹೋದರೆ ಸಿಗುವ ಸಲಹೆಯೂ ನಮಗೆಲ್ಲ ಗೊತ್ತಿರುವುದೇ: “ಅಣ್ಣ, ಇದ್ರುದ್ದೇ ಹಾಕುದ್ರೆ ಮತ್ತೆ ಕುಂತ್ಕತದೆ. ಬ್ಯಾರೆ ಗಾಡೀದು ಗಟ್ಟಿ ಶಾಕಪ್ ಹಾಕ್ಸ್‌ಬುಡು.”

ಈ ಸಲಹೆಯನ್ನು ತಪ್ಪೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮ ಸೀಮೆಯಲ್ಲಿ ಇದು ಅನಿವಾರ್ಯವಾಗಿಯೇ ಬೆಳೆದ ವಿದ್ಯೆ. ಶ್ರೀರಂಗಪಟ್ಟಣಕ್ಕೆ ಕೂಗಳತೆಯಲ್ಲಿರುವ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಜೆಕೊಸ್ಲೊವಾಕಿಯಾದ ಪರವಾನಗಿಯ ಮೇಲೆ 1960ರ ದಶಕದ ಆರಂಭದಲ್ಲಿ ಅಲ್ಲಿ ಜಾವಾ 250 ತಯಾರಾಗತೊಡಗಿತು. ಆಮೇಲೆ ಅದೇ ಕಾರ್ಖಾನೆಯಿಂದ ಯೆಜ್ಡಿ ಬಂತು, ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಆದರೆ ಗಾಡಿಗಳ ಓಟ ನಿಲ್ಲಲಿಲ್ಲ. ಕಂಪನಿಯ ಅಸಲಿ ಬಿಡಿಭಾಗ ಸಿಗುವುದು ಕಷ್ಟವಾದ ಮೇಲೆ ಸೋರಿದ ಶಾಕಿನ ಬದಲು ಬೇರೆ ಗಾಡಿಯದನ್ನು ಹುಡುಕುವುದು, ಲೇತಿನಲ್ಲಿ ಬುಷ್ ಕಡೆಸಿ ಕೂರಿಸುವುದು ಮೆಕ್ಯಾನಿಕ್‌ಗಳಿಗೆ ರೂಢಿಯಾಯಿತು. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದರೂ ಅದು ಬೇರೆಯೇ ಗಾಡಿ. ಮೈಸೂರಿನ ಹಳೆಯ ಟೂ ಸ್ಟ್ರೋಕ್ ಗಾಡಿ ಇಟ್ಟುಕೊಂಡವರಿಗೆ ಈ ಮೆಕ್ಯಾನಿಕ್‌ಗಳ ಕೈಚಳಕವೇ ಇವತ್ತಿಗೂ ಆಧಾರ.

ಅವರಲ್ಲಿ ಒಳ್ಳೆಯ ಕೆಲಸಗಾರರು ಮೊದಲು ಅಳೆಯುತ್ತಾರೆ. ಈಗಿನ ಬೈಕುಗಳಿಗೆ ಬೇರೆ ಶಾಕ್ ಹಾಕುವಾಗ ಆ ಅಳತೆಯೇ ಬಿಟ್ಟುಹೋಗುತ್ತಿದೆ. ಬೋಲ್ಟ್ ರಂಧ್ರಕ್ಕೆ ಕೂತರೆ ಸಾಕು, ಕೆಲಸ ಮುಗಿಯಿತು ಎನ್ನುವವರೇ ಹೆಚ್ಚು.

ಶಾಕನ್ನು ಬಿಚ್ಚಿ, ಪೂರ್ತಿ ಚಾಚಿದಾಗ ಮೇಲಿನ ರಂಧ್ರದ ನಡುವಿನಿಂದ ಕೆಳಗಿನ ರಂಧ್ರದ ನಡುವಿಗೆ ಎಷ್ಟು ಉದ್ದವಿದೆ ಎಂಬುದು ಮೊದಲ ಅಳತೆ. ಹೊಸದು ಉದ್ದವಿದ್ದರೆ ಬೈಕಿನ ಹಿಂಭಾಗ ಏಳುತ್ತದೆ. ಶಾಕ್ ವಾಲಿಸಿ ಕೂರಿಸಿದ ಗಾಡಿಯಲ್ಲಿ, ಉದ್ದ ಹೆಚ್ಚಿಸಿದ್ದಕ್ಕಿಂತ ಜಾಸ್ತಿಯೇ ಏಳುತ್ತದೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 1,240 ಮಿ.ಮೀ. ಇರುವ ಸಾಧಾರಣ ಬೈಕಿನಲ್ಲಿ ಹಿಂಭಾಗ 20 ಮಿ.ಮೀ. ಎದ್ದರೆ ಮುಂದಿನ ಫೋರ್ಕ್ ಸುಮಾರು ಒಂದು ಡಿಗ್ರಿ ನೆಟ್ಟಗಾಗುತ್ತದೆ. ಹ್ಯಾಂಡಲ್ ಹಗುರವಾಗಿ, ವೇಗದಲ್ಲಿ ಸ್ಥಿರತೆ ಕುಗ್ಗುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದಾಗ ಗಾಡಿ ಅತಿಯಾಗಿ ವಾಲುತ್ತದೆ, ಸೆಂಟರ್ ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲ ಬಿಟ್ಟು ಏಳುವುದಿಲ್ಲ. ಎತ್ತರ ಕಾಣಲೆಂದೇ ಉದ್ದದ ಶಾಕ್ ಕೇಳುವ ಹುಡುಗರು ಇದನ್ನು ತಿಳಿದಿರಬೇಕು.

ಎರಡನೆಯದು, ಪೂರ್ತಿ ಕುಗ್ಗಿದಾಗಿನ ಉದ್ದ. ಹೊಸ ಶಾಕ್ ಹಳೆಯದಕ್ಕಿಂತ ಹೆಚ್ಚು ಕುಗ್ಗುವಂಥದ್ದಾದರೆ ಹೊರೆ ಹಾಕಿ ಹಂಪ್ ಹಾರಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಸ್ಪ್ರಿಂಗ್ ಬಿಚ್ಚಿದ ಶಾಕ್ ಕೂರಿಸಿ, ಚಕ್ರವನ್ನು ಕೈಯಿಂದ ಪೂರ್ತಿ ಎತ್ತಿ ನೋಡುವುದು ಇದಕ್ಕೆ ಸರಿಯಾದ ಪರೀಕ್ಷೆ. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಕೈಯೇ ಹೋದೀತು, ಆದ್ದರಿಂದ ಒತ್ತುವ ಸಾಧನವಿರುವ ಗ್ಯಾರೇಜಿನಲ್ಲೇ ಇದನ್ನು ಮಾಡಿಸಬೇಕು.

ರಂಧ್ರದ ಬುಷ್ 10, 12, 14 ಮಿ.ಮೀ. ಹೀಗೆ ಗಾಡಿಗೊಂದು ಅಳತೆಯಲ್ಲಿರುತ್ತದೆ. ಸಡಿಲವಿದ್ದರೆ ಲೇತಿನಲ್ಲಿ ಉಕ್ಕಿನ ಸ್ಲೀವ್ ಕಡೆಸಿ ಹಾಕಿಸಬಹುದು. ಬಿಗಿಯಿದ್ದರೆ ಸುತ್ತಿಗೆ ಎತ್ತಬಾರದು. ಎರಡೂ ತುದಿ ಒಂದೇ ನೇರದಲ್ಲಿ ಇರದಿದ್ದರೆ ಒಳಗಿನ ರಾಡ್ ಒಂದು ಬದಿಗೆ ಒತ್ತಿಕೊಂಡು ಸವೆದು, ಆಯಿಲ್ ಸೀಲ್ ಸೋರುತ್ತದೆ.

ನಮ್ಮಲ್ಲಿ ತೀರಾ ಕಡೆಗಣಿಸುವ ಸಂಗತಿ ಸೀರೆ ಗಾರ್ಡಿನದು. ದಪ್ಪ ಸ್ಪ್ರಿಂಗಿನ ಶಾಕಿಗೆ, ಗ್ಯಾಸ್ ಡಬ್ಬಿ ಅಂಟಿಕೊಂಡ ಶಾಕಿಗೆ ಎಡಗಡೆ ಜಾಗ ಸಾಲದೆ ಬಂದಾಗ ಗಾರ್ಡನ್ನೇ ಬಿಚ್ಚಿ ಮೂಲೆಗಿಡುತ್ತಾರೆ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ರಕ್ಷಣೆ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಸೀರೆ ಉಟ್ಟು ಒಂದು ಬದಿಗೆ ಕೂರುವ ಹೆಂಗಸರು ಮೇಲುಕೋಟೆಗೆ, ಆದಿಚುಂಚನಗಿರಿಗೆ ಹೋಗುವುದು ಇದೇ ಬೈಕುಗಳಲ್ಲಿ. ಗಾರ್ಡ್ ಬಿಚ್ಚಿದರೆ ಮಾತ್ರ ಕೂರುವ ಶಾಕ್ ನಿಮ್ಮ ಗಾಡಿಯದಲ್ಲ, ವಾಪಸ್ ಕೊಟ್ಟುಬಿಡಿ.

ಇನ್ನು ‘ಗಟ್ಟಿ’ಯ ಲೆಕ್ಕ. ಸ್ಪ್ರಿಂಗ್ ಎಷ್ಟು ಬಿಗಿ ಎಂಬುದು ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಸುತ್ತುಗಳ ಸಂಖ್ಯೆ, ಅಗಲ ಎಲ್ಲ ಒಂದೇ ಇದ್ದು, ತಂತಿ ಮಾತ್ರ 7 ಮಿ.ಮೀ. ಬದಲು 8 ಮಿ.ಮೀ. ಆದರೆ ಬಿಗಿ ಶೇ. 70ರಷ್ಟು ಹೆಚ್ಚುತ್ತದೆ. ಕಣ್ಣಿಗೆ ಕಾಣದ ಒಂದು ಮಿಲಿಮೀಟರು ಇಷ್ಟು ಕೆಲಸ ಮಾಡುತ್ತದೆ. ಅದಕ್ಕೆ ತಕ್ಕ ಆಯಿಲ್ ತಡೆ ಒಳಗೆ ಇಲ್ಲದಿದ್ದರೆ, ಕುಗ್ಗಿದ ಸ್ಪ್ರಿಂಗ್ ಚಾಚಿಕೊಳ್ಳುವಾಗ ಸವಾರನನ್ನು ಸೀಟಿನಿಂದ ಎತ್ತಿ ಹಾಕುತ್ತದೆ. ಕ್ಯಾನ್ ಇಳಿಸಿ ಖಾಲಿ ಗಾಡಿಯಲ್ಲಿ ಮನೆಗೆ ಬರುವಾಗಲಂತೂ ಗುಂಡಿಗಳಲ್ಲಿ ಹಿಂದಿನ ಚಕ್ರ ನೆಲಕ್ಕಂಟದೆ ಕುಪ್ಪಳಿಸುತ್ತದೆ, ಬ್ರೇಕ್ ಹಿಡಿದರೆ ಜಾರುತ್ತದೆ. ದಿನವಿಡೀ ಹೊರೆ ಹೊರುವ ಗಾಡಿಗೆ ಗಟ್ಟಿ ಸ್ಪ್ರಿಂಗ್ ಸರಿ. ವಾರಕ್ಕೊಮ್ಮೆ ಮೂಟೆ ತರುವವರಿಗೆ ಅದು ಬೆನ್ನುನೋವು ತರುತ್ತದೆ, ಅಷ್ಟೇ.

ಖರ್ಚಿಲ್ಲದ ದಾರಿಯೊಂದನ್ನು ಅನೇಕರು ಬಳಸಿಯೇ ಇರುವುದಿಲ್ಲ. ಬಹಳಷ್ಟು ಬೈಕುಗಳ ಶಾಕಿನಲ್ಲಿ ಮೆಟ್ಟಿಲಿನಂತೆ ಕೊರೆದ ಬಳೆ ಇರುತ್ತದೆ, ಸಾಮಾನ್ಯವಾಗಿ ಐದು ಹಂತ. ಕೊಕ್ಕೆ ಸ್ಪ್ಯಾನರಿನಿಂದ ಎರಡೂ ಕಡೆ ಒಂದೇ ಹಂತಕ್ಕೆ ತಿರುಗಿಸಿದರೆ ಕೂತ ಗಾಡಿ ಏಳುತ್ತದೆ. ಸ್ಪ್ರಿಂಗಿನ ಬಿಗಿ ಇದರಿಂದ ಬದಲಾಗುವುದಿಲ್ಲ, ಅದು ಒತ್ತಿಕೊಳ್ಳಲು ಶುರುಮಾಡುವ ಜಾಗವಷ್ಟೇ ಬದಲಾಗುತ್ತದೆ. ಎಷ್ಟು ತಿರುಗಿಸಬೇಕೆಂದು ಟೇಪು ಹಿಡಿದೇ ನೋಡಬಹುದು: ಚಕ್ರ ಪೂರ್ತಿ ಇಳಿಬಿದ್ದಾಗ ಆಕ್ಸಲ್ ಬೋಲ್ಟಿನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಎಷ್ಟಿದೆ, ನಿಮ್ಮ ಮಾಮೂಲಿ ಹೊರೆ ಹೇರಿ ಕೂತಾಗ ಎಷ್ಟಿದೆ ಎಂದು ಅಳೆಯಿರಿ. ಚಕ್ರದ ಒಟ್ಟು ಏರಿಳಿತದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕುಸಿದಿದ್ದರೆ ಸರಿ. ಕೊನೆಯ ಹಂತಕ್ಕೆ ತಿರುಗಿಸಿದರೂ ಅರ್ಧಕ್ಕಿಂತ ಹೆಚ್ಚು ಕುಸಿದರೆ, ಆಗ ಬೇರೆ ಶಾಕಿನ ಮಾತು ಬರಲಿ.

ಒಂಟಿ ಶಾಕಿನ ಬೈಕುಗಳ ಸಂಗತಿ ಬೇರೆ. ಅಲ್ಲಿ ಚಕ್ರ ಎರಡು–ಮೂರು ಇಂಚು ಚಲಿಸಿದರೆ ಶಾಕ್ ಒಂದು ಇಂಚು ಕುಗ್ಗುವಂತೆ ಸನ್ನೆ ಜೋಡಿಸಿರುತ್ತಾರೆ. ಒಂದು ಗಾಡಿಯ ಸನ್ನೆಗೆಂದು ಮಾಡಿದ ಸ್ಪ್ರಿಂಗ್ ಇನ್ನೊಂದಕ್ಕೆ ಹೊಂದುವುದು ಅಪರೂಪ. ಜೋಡಿ ಶಾಕಿನ ಗಾಡಿಯ ಚಾಸಿ ಕೊಯ್ದು, ಬೆಸುಗೆ ಹಾಕಿ ಒಂಟಿ ಶಾಕ್ ಕೂರಿಸುವುದಂತೂ ಬೇಡವೇ ಬೇಡ. ಬೆಸುಗೆ ಬಿಟ್ಟರೆ ಸವಾರನಿಗೆ ಉಳಿಗಾಲವಿಲ್ಲ. ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಒಂದೊಂದು ಅಕ್ರಮ ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ವಿಧಿಸಲು ಅವಕಾಶವಿದೆ.

ನನ್ನ ತೀರ್ಮಾನ ಇಷ್ಟು. ಶಾಕ್ ಸೋರಿದೆ ಎಂದರೆ ಮೊದಲು ನಿಮ್ಮದೇ ಮಾಡೆಲಿನ ಹೊಸ ಜೋಡಿ ಹಾಕಿಸಿ. ಒಂದನ್ನೇ ಬದಲಿಸಬೇಡಿ. ಅದೂ ಸಾಲದ ಹೊರೆಯಿದ್ದರೆ ಉದ್ದ, ಬುಷ್, ಜಾಗ ಮೂರೂ ಹೊಂದುವ ಶಾಕ್ ಹುಡುಕಿ. ಹಾಕಿಸಿದ ಮೇಲೆ ಹಿಂದೆ ಒಬ್ಬರನ್ನು ಕೂರಿಸಿ ಚೈನ್ ಸಡಿಲ ನೋಡಿಸಿ, ಯಾಕೆಂದರೆ ಸ್ವಿಂಗ್ ಆರ್ಮ್ ಏರಿದಾಗ ಚೈನ್ ಬಿಗಿಯಾಗುತ್ತದೆ. ರಾತ್ರಿ ಗೋಡೆಯೆದುರು ನಿಲ್ಲಿಸಿ ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತದೆಂದು ಸರಿಪಡಿಸಿ. ಒಂದು ವಾರ ಓಡಿಸಿ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ಹಳೆಯ ಜೋಡಿಯನ್ನು ಮಾತ್ರ ತಕ್ಷಣ ಗುಜರಿಗೆ ಹಾಕಬೇಡಿ. ಮುಂದೆ ಯಾವ ಮೆಕ್ಯಾನಿಕ್ ಕೈಗೆ ಗಾಡಿ ಕೊಟ್ಟರೂ ಸರಿಯಾದ ಅಳತೆ ಸಿಗುವುದು ಅದರಲ್ಲೇ.