ಸಂಸತ್ತು ಬಿಟ್ಟು ನದಿ ಹಿಡಿದ ಸಾಹುಕಾರ

ಊರಿನಿಂದ ಅಪ್ಪ-ಅಮ್ಮ ನಗೋಯಾಕ್ಕೆ ಬಂದರೆ ನಾವು ಮೊದಲು ಕರೆದೊಯ್ಯುವುದು ಕೋಟೆಗೆ. ಮಗನೋ ಅಳಿಯನೋ ಟೊಯೊಟಾದಲ್ಲಿದ್ದರೆ ಕಾರಿನ ಮ್ಯೂಸಿಯಂ ಕೂಡ ತಪ್ಪುವುದಿಲ್ಲ. ಆದರೆ ಕೋಟೆಯಿಂದ ಪೂರ್ವಕ್ಕೆ ತೊಕುಗಾವಾ ಉದ್ಯಾನದ ಕಡೆಗೆ ಹೋಗುವ ಹಳೆ ಮನೆಗಳ ದಾರಿಯಲ್ಲಿ ಕಿತ್ತಳೆ ಬಣ್ಣದ ಹೆಂಚಿನ ಒಂದು ಬಂಗಲೆ ಇದೆ. ಹೆಸರು ಫುತಾಬಾಕಾನ್. ಬೇರೆ ಜಾಗದಲ್ಲಿದ್ದ ಮನೆಯನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿ, 2005ರಲ್ಲಿ ಜನರಿಗೆ ತೆರೆದರು. ಬಣ್ಣದ ಗಾಜಿನ ಕಿಟಕಿಗಳ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ನಮಗೆ ಹೆಚ್ಚು ಹಿಡಿಸಿದ್ದು ಆ ಕಾಲದ ವಿದ್ಯುತ್ ಸ್ವಿಚ್‌ಬೋರ್ಡ್. ಏಕೆಂದರೆ ಮನೆಯ ಯಜಮಾನ ಫುಕುಜಾವಾ ಮೊಮೊಸುಕೆಯ ಕಸುಬೇ ವಿದ್ಯುತ್ತು.

ಮೊಮೊಸುಕೆ ಹುಟ್ಟಿದ್ದು 1868ರಲ್ಲಿ, ಈಗಿನ ಸೈತಾಮಾ ಪ್ರಾಂತ್ಯದ ಬಡ ಕುಟುಂಬದಲ್ಲಿ. ಟೋಕಿಯೊದ ಕೇಯೊ ವಿದ್ಯಾಸಂಸ್ಥೆಯಲ್ಲಿ ಓದುತ್ತಿದ್ದಾಗ ಅದರ ಸ್ಥಾಪಕ ಫುಕುಜಾವಾ ಯುಕಿಚಿಯ ಮನೆಯವರ ಕಣ್ಣಿಗೆ ಬಿದ್ದ. 2024ರಲ್ಲಿ ಹೊಸ ನೋಟು ಬರುವವರೆಗೂ ನಮ್ಮವರ ಸಂಬಳದ 10,000 ಯೆನ್ ನೋಟಿನ ಮೇಲಿದ್ದ ಮುಖ ಇದೇ ಯುಕಿಚಿಯದು. ಮಗಳನ್ನು ಕೊಡುವ ಮಾತಾಯಿತು, ಹುಡುಗ ಮನೆಯಳಿಯನಾದ, ಹೆಸರೂ ಬದಲಾಯಿತು. ಮಾವನ ಖರ್ಚಿನಲ್ಲಿ ಅಮೆರಿಕಕ್ಕೆ ಹೋಗಿ ಪೆನ್ಸಿಲ್ವೇನಿಯಾ ರೈಲ್ವೆಯಲ್ಲಿ ಕೆಲಸ ಕಲಿತು ಬಂದ.

ನೌಕರಿ ಸಿಕ್ಕಿತು, ಮದುವೆಯೂ ಆಯಿತು. ಅಷ್ಟರಲ್ಲಿ ಕ್ಷಯ ಬಂತು. ಆಗಿನ ಕಾಲದಲ್ಲಿ ಕ್ಷಯವೆಂದರೆ ಅರ್ಧ ಸಾವು. ಮನೆಯಿಂದ ದೂರ ದುಡಿಯುವವರಿಗೆ ಕಾಯಿಲೆ ಬಿದ್ದರೆ ಸಂಬಳದ ಗತಿ ಏನೆಂಬ ಭಯ ಎಂಥದ್ದೆಂದು ನಮಗೆ ಗೊತ್ತು. ಮೊಮೊಸುಕೆಗೆ ಅದು ಇಪ್ಪತ್ತಾರರ ಸುಮಾರಿಗೇ ಎದುರಾಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ, ಕೂಡಿಟ್ಟ ಹಣವನ್ನು ಷೇರಿಗೆ ಹಾಕಿದ. ಚೀನಾ ಜತೆಗಿನ ಯುದ್ಧದ ಕಾಲ, ಪೇಟೆ ಏರಿತು, ಹಣವೂ ಬೆಳೆಯಿತು. ಮುಂದೆ ರಷ್ಯಾ ಯುದ್ಧದ ನಂತರ ಬಂದ ಏರಿಕೆಯಲ್ಲೂ ದೊಡ್ಡ ಗಂಟು ಮಾಡಿಕೊಂಡು, 1907ರ ಕುಸಿತಕ್ಕೆ ಮೊದಲೇ ಹೊರಬಂದ. ಜೂಜುಗಾರನೆಂಬ ಹೆಸರೂ ಅಂಟಿಕೊಂಡಿತು.

1912ರ ಮೇ ತಿಂಗಳ ಚುನಾವಣೆಯಲ್ಲಿ ಚಿಬಾ ಪ್ರಾಂತ್ಯದಿಂದ ಗೆದ್ದು ಜಪಾನಿನ ಸಂಸತ್ತಿನ ಕೆಳಮನೆಗೆ ಹೋದ. ಅದೇ ವರ್ಷದ ನವೆಂಬರಿನಲ್ಲಿ ನಮ್ಮಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದರು. ಟೋಕಿಯೊದಲ್ಲಿ ಅದು ಗದ್ದಲದ ಕಾಲ. 1913ರ ಆರಂಭದಲ್ಲಿ ಬೀದಿಗಿಳಿದ ಜನರ ಸಿಟ್ಟಿಗೆ ಒಂದು ಸರಕಾರವೇ ಉರುಳಿತು. ಆದರೆ ಮೊಮೊಸುಕೆಯ ಮನಸ್ಸು ಆಗಲೇ ನಗೋಯಾ ಕಡೆ ವಾಲಿತ್ತು. ಇಲ್ಲಿನ ನಗೋಯಾ ವಿದ್ಯುತ್ ದೀಪ ಕಂಪನಿಯ ಷೇರುಗಳನ್ನು ಸಾಲುಸಾಲಾಗಿ ಕೊಂಡು ದೊಡ್ಡ ಪಾಲುದಾರನಾಗಿದ್ದ. 1914ರ ಡಿಸೆಂಬರಿನಲ್ಲಿ ಕಂಪನಿಯ ಅಧ್ಯಕ್ಷನಾದ; ಅದೇ ತಿಂಗಳು ಸಂಸತ್ತು ವಿಸರ್ಜನೆಯಾಯಿತು. ಸಂಸದನ ಬದುಕು ಒಂದೇ ಅವಧಿಗೆ ಮುಗಿಯಿತು. ಅವನ ಜೀವನದಲ್ಲಿ ಅದು ರೈಲು ಬದಲಿಸುವ ನಿಲ್ದಾಣದಷ್ಟೇ ಎಂದು ನಮಗೆ ಅನಿಸುತ್ತದೆ.

ಬದಲಿಸಿ ಹತ್ತಿದ್ದು ಕಿಸೊ ನದಿಯ ರೈಲು. ನಾಗಾನೊ ಬೆಟ್ಟಗಳಲ್ಲಿ ಹುಟ್ಟಿ ಗಿಫು ದಾಟಿ ನಗೋಯಾದ ಪಶ್ಚಿಮಕ್ಕೆ ಸಮುದ್ರ ಸೇರುವ ಈ ನದಿಯಲ್ಲಿ ಅವನು ಒಂದರ ಹಿಂದೊಂದು ವಿದ್ಯುತ್ ಕೇಂದ್ರ ಕಟ್ಟಿಸಿದ. 1921ರಲ್ಲಿ ಹುಟ್ಟಿದ ದಾಯ್ದೊ ವಿದ್ಯುತ್ ಕಂಪನಿ ಇಲ್ಲಿನ ಕರೆಂಟನ್ನು ದೂರದ ಒಸಾಕಾಕ್ಕೆ ಸಾಗಿಸಿತು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಗಣಿಗೆ ತಂತಿ ಎಳೆದಿದ್ದ ಮೈಸೂರಿನವರಿಗೆ ಈ ಲೆಕ್ಕಾಚಾರ ಹೊಸದೇನಲ್ಲ.

ಅತಿ ಕಷ್ಟದ ಕೆಲಸ ಎಂದರೆ ಒಯಿ ಅಣೆಕಟ್ಟು. ಎತ್ತರ 53 ಮೀಟರಿಗೂ ಹೆಚ್ಚು, ಆ ಕಾಲದ ಜಪಾನಿಗೆ ಅದು ಭಾರೀ ಸಾಹಸ. ಪ್ರವಾಹ ಬಂದು ಕೆಲಸ ಕೆಡಿಸಿತು. 1923ರ ಸೆಪ್ಟೆಂಬರಿನ ಭೂಕಂಪ ಟೋಕಿಯೊವನ್ನು ನೆಲಸಮ ಮಾಡಿದ ಮೇಲೆ ದೇಶದೊಳಗೆ ಸಾಲ ಹುಟ್ಟಲಿಲ್ಲ. ಮೊಮೊಸುಕೆ ಅಮೆರಿಕಕ್ಕೆ ಹೋಗಿ ಬಾಂಡ್ ಮೂಲಕ 1.5 ಕೋಟಿ ಡಾಲರ್ ಎತ್ತಿದ. 1924ರಲ್ಲಿ ಅಣೆಕಟ್ಟು ಮುಗಿಯಿತು. ಈಗ ಅಲ್ಲಿನ ಜಲಾಶಯವೇ ಎನಾಕ್ಯೊ ಎಂಬ ಪ್ರವಾಸಿ ತಾಣ.

ಇದೆಲ್ಲ ಎಲ್ಲರಿಗೂ ಒಳ್ಳೆಯದನ್ನೇ ಮಾಡಿತು ಎನ್ನಲಾಗದು. ಕಿಸೊ ಕಣಿವೆಯವರು ತಲೆಮಾರುಗಳಿಂದ ಮರದ ದಿಮ್ಮಿಗಳನ್ನು ನದಿಯಲ್ಲೇ ತೇಲಿಸಿ ಬದುಕಿದವರು. ಅಣೆಕಟ್ಟುಗಳು ಬಂದು ಆ ಕಸುಬು ನಿಂತಿತು. ವಿದ್ಯುತ್ ಬೇಡಿಕೆಗೆ ತಕ್ಕಂತೆ ನೀರು ಬಿಡತೊಡಗಿದಾಗ ಕೆಳಗಿನ ಬಯಲಿನ ಕಾಲುವೆಗಳಲ್ಲಿ ಮಟ್ಟ ಏರಿಳಿಯತೊಡಗಿ ರೈತರು ಜಗಳಕ್ಕೆ ನಿಂತರು. ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರಿವನ್ನು ಸಮ ಮಾಡಲು ಇಮಾವಾತಾರಿ ಅಣೆಕಟ್ಟು ಎದ್ದದ್ದು 1939ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಮೊಮೊಸುಕೆ ತೀರಿಕೊಂಡಿದ್ದ.

ಫುತಾಬಾಕಾನ್‌ಗೆ ಬರುವವರಲ್ಲಿ ಹೆಚ್ಚಿನವರು ಕೇಳುವುದು ನಟಿ ಕಾವಾಕಾಮಿ ಸದಾಯಕ್ಕೊ ಬಗ್ಗೆ. 1900ರ ಪ್ಯಾರಿಸ್ ಮೇಳದಲ್ಲಿ ಯುರೋಪನ್ನೇ ಬೆರಗುಗೊಳಿಸಿದಾಕೆ, ಗಂಡ ತೀರಿದ ಮೇಲೆ ಮೊಮೊಸುಕೆಯ ಜತೆ ಈ ಮನೆಯಲ್ಲಿದ್ದಳು. ನಗೋಯಾದಲ್ಲಿ ರೇಷ್ಮೆ ಬಟ್ಟೆಯ ಕಾರ್ಖಾನೆಯನ್ನೂ ನಡೆಸಿದಳು. ಅಣೆಕಟ್ಟಿನ ಕೆಲಸ ನೋಡಲು ಹಗ್ಗದ ತೊಟ್ಟಿಲಲ್ಲಿ ಕಣಿವೆ ದಾಟಿದಳೆಂಬ ಕಥೆ ಇಂದಿಗೂ ಓಡಾಡುತ್ತದೆ. ಆದರೆ ಕಾನೂನಿನ ಪ್ರಕಾರ ಮೊಮೊಸುಕೆಯ ಹೆಂಡತಿ ಟೋಕಿಯೊದಲ್ಲಿದ್ದ ಯುಕಿಚಿಯ ಮಗಳು ಫುಸಾ. ಎಲ್ಲಕ್ಕೂ ಮೂಲವಾದ ಆ ಮದುವೆಯ ಹೆಣ್ಣಿನ ಮಾತು ಯಾರ ಬಾಯಲ್ಲೂ ಬರದಿರುವುದು ನಮಗೆ ಸ್ವಲ್ಪ ಕಸಿವಿಸಿ ಎನಿಸಿತು.

ಬಿಡುವಿದ್ದರೆ ಚುಒ ಮಾರ್ಗದ ರೈಲು ಹಿಡಿದು ನಾಗಿಸೊವರೆಗೂ ಹೋಗಿ ಬನ್ನಿ; ವೇಗದೂತ ರೈಲಿನಲ್ಲಿ ಒಂದು ಗಂಟೆಯ ಆಸುಪಾಸು. ನಿಲ್ದಾಣದಿಂದ ನಡೆದರೆ ಮೊಮೊಸುಕೆ ಸೇತುವೆ ಸಿಗುತ್ತದೆ. ಯೊಮಿಕಾಕಿ ವಿದ್ಯುತ್ ಕೇಂದ್ರಕ್ಕೆ ಸಾಮಾನು ಸಾಗಿಸಲು 1922ರಲ್ಲಿ ಕಟ್ಟಿದ 247 ಮೀಟರ್ ಉದ್ದದ ಮರದ ತೂಗುಸೇತುವೆ ಅದು. ದುರಸ್ತಿಯಾಗಿ ಈಗಲೂ ಜನ ನಡೆದಾಡುತ್ತಾರೆ. ಒಂದು ವಿಚಿತ್ರ ನೋಡಿ: ನಗೋಯಾದ ಸುತ್ತ ವಿದ್ಯುತ್ ಕಂಪನಿ ಎಂದರೆ ಚುಬು, ಆದರೆ ಯೊಮಿಕಾಕಿ, ಒಯಿ ಕೇಂದ್ರಗಳ ಒಡೆತನ ಇವತ್ತಿಗೂ ಒಸಾಕಾದ ಕನ್ಸಾಯಿ ವಿದ್ಯುತ್ ಕಂಪನಿಯದು. ಫುತಾಬಾಕಾನ್‌ಗೆ ಸೋಮವಾರ ರಜೆ, ಅಂದು ಹೋಗಬೇಡಿ.