ದೊಡ್ಡಪ್ಪನ ಹೆಸರೂ ಹೊಸ ಫೋನೂ

2011ರ ಮಾತು. ಮೊಳಕಾಲ್ಮುರು ತಾಲ್ಲೂಕಿನ ರಾಂಪುರದಲ್ಲಿ ತಂಗಿಯ ಮದುವೆ. ಲಗ್ನಪತ್ರಿಕೆಯನ್ನು ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದಿಂದ ಟೈಪ್ ಮಾಡಿಸಿ, ವರ್ಡ್ ಕಡತವನ್ನು ಬಳ್ಳಾರಿಯಲ್ಲಿದ್ದ ನನಗೆ ಇ-ಮೇಲ್ ಮಾಡಿದರು. ಹೊಸ ಸ್ಮಾರ್ಟ್‌ಫೋನಿನಲ್ಲಿ ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು!

ಕಾರಣವಿಷ್ಟೆ. ಅಂದಿನ ನುಡಿ ಕಡತದೊಳಗೆ ಕನ್ನಡವೇ ಇರುತ್ತಿರಲಿಲ್ಲ. ಇದ್ದದ್ದು ಇಂಗ್ಲಿಷ್ ಮುಂತಾದ ಅಕ್ಷರಗಳ ಸಂಕೇತಗಳು. ಅವಕ್ಕೆ ಕನ್ನಡದ ರೂಪ ಕೊಡುತ್ತಿದ್ದುದು ಫಾಂಟು. ಅದು ಅಂಗಡಿಯ ಕಂಪ್ಯೂಟರಿನಲ್ಲಿತ್ತು, ನನ್ನ ಫೋನಿನಲ್ಲಿರಲಿಲ್ಲ. ಕನ್ನಡಕ್ಕೆ ಸ್ವಂತ ಸಂಕೇತಗಳನ್ನು ಕೊಟ್ಟ ಯೂನಿಕೋಡ್ 1991ರಲ್ಲೇ ಬಂದಿತ್ತು ನಿಜ. ಆದರೆ ಅದರಲ್ಲಿ ಬರೆದು ಕಳಿಸಿದರೂ ನನ್ನ ಫೋನು ತೋರಿಸಿದ್ದು ಬರೀ ಚೌಕಗಳನ್ನು. ಆಂಡ್ರಾಯ್ಡ್ ಕನ್ನಡ ಕಲಿತದ್ದು 2012ರಲ್ಲಿ, 4.1ನೇ ಆವೃತ್ತಿಯಲ್ಲಿ. ಹಳೆಯ ಫೋನುಗಳವರಿಗೆ ಅದೂ ಸುಲಭವಾಗಿ ದಕ್ಕಲಿಲ್ಲ.

ಕೊನೆಗೆ ಅಣ್ಣ ಅಂಗಡಿಯಿಂದಲೇ ಫೋನು ಮಾಡಿ ಒಂದೊಂದೇ ಸಾಲು ಓದಿದ, ನಾನು ಕೇಳಿ ತಿದ್ದಿದೆ. ದೊಡ್ಡಪ್ಪನ ಹೆಸರಿನಲ್ಲಿ ಮಹಾಪ್ರಾಣ ಬಿಟ್ಟುಹೋಗಿದ್ದು ಕಿವಿಗೆ ಹೇಗೆ ತಿಳಿಯಬೇಕು? ಪತ್ರಿಕೆ ಅಚ್ಚಾಗಿ ಬಂತು. ಅವರ ಮುನಿಸು ಧಾರೆ ಮುಗಿಯುವವರೆಗೂ ಇಳಿಯಲಿಲ್ಲ.

ಆ ಕಡತವನ್ನು ಮೊನ್ನೆ ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಂಡೆ. ಈಗಿನ ಫೋನು ಚೆನ್ನಾಗಿ ತೋರಿಸಿತು, ತಪ್ಪಿನ ಸಮೇತ.